ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಮೀಮಾಂಸೆ

ವಿಷಯ

ಹತ್ತು ವರ್ಷ ದಾಟಿದ ಲ್ಯಾಪ್‌ಟಾಪ್ ಕೆಲಸಕ್ಕೆ ಬಾರದ್ದೇನಲ್ಲ. ಲೇಖನ ಟೈಪ್ ಮಾಡಲು, ಅಂಗಡಿಯ ಲೆಕ್ಕ ಇಡಲು, ಮಕ್ಕಳಿಗೆ ಪಾಠದ ವಿಡಿಯೊ ಹಾಕಿಕೊಡಲು ಅದರ ಪ್ರೊಸೆಸರ್ ಧಾರಾಳವಾಗಿ ಸಾಕು. ಅದು ಸೋಲುವುದು ಬ್ಯಾಟರಿಯಲ್ಲಿ. ಕೊಂಡ ಹೊಸತರಲ್ಲಿ ಅರ್ಧ ದಿನ ಬರುತ್ತಿದ್ದದ್ದು ಈಗ ಎರಡು ತಾಸಿಗೆಲ್ಲ ಕೆಂಪು ಗೆರೆ ತೋರಿಸುತ್ತದೆ. ಕರೆಂಟ್ ಹೋದರೆ ಕೆಲಸವೂ ನಿಂತಂತೆ. ಬ್ಯಾಟರಿ ಬರುವ ಹೊತ್ತನ್ನು ಹೆಚ್ಚಿಸುವುದು ಹೇಗೆಂಬುದೇ ಇಲ್ಲಿನ ವಿಚಾರ.

ಪೂರ್ವಮೀಮಾಂಸಕರು ಒಂದು ಪ್ರಶ್ನೆಯನ್ನು ಇತ್ಯರ್ಥ ಮಾಡುವಾಗ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಮೆಟ್ಟಿಲು ಹತ್ತುತ್ತಿದ್ದರು. ಆ ಐದೂ ಸೇರಿದರೆ ಒಂದು ಅಧಿಕರಣ. ಯಜ್ಞವಿಧಿಗಳಿಗಾಗಿ ಹುಟ್ಟಿದ ಕ್ರಮವನ್ನು ಲ್ಯಾಪ್‌ಟಾಪಿಗೆ ಹಚ್ಚುವುದು ಅಧಿಕಪ್ರಸಂಗ ಅನ್ನಿಸಬಹುದು. ಆದರೆ ಬ್ಯಾಟರಿಯ ಸುತ್ತ ಬೆಳೆದಿರುವಷ್ಟು ವಿಧಿನಿಷೇಧಗಳು ಮಡಿಮೈಲಿಗೆಯ ಸುತ್ತಲೂ ಇರಲಾರವು. ಪೂರ್ತಿ ಚಾರ್ಜ್ ಮಾಡು ಎನ್ನುವವರು ಒಬ್ಬರು, ಮಾಡಬೇಡ ಎನ್ನುವವರು ಇನ್ನೊಬ್ಬರು. ತಿಂಗಳಿಗೊಮ್ಮೆ ಖಾಲಿ ಮಾಡು, ತೆಗೆದಿಟ್ಟುಬಿಡು, ಫ್ರಿಜ್ಜಿನಲ್ಲಿಡು. ಇಷ್ಟು ವಾಕ್ಯಗಳು ಒಂದಕ್ಕೊಂದು ಬಡಿದಾಡುವಲ್ಲಿ ಮೀಮಾಂಸೆಗೆ ಕೆಲಸವಿದೆ.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ಯಂತ್ರವನ್ನು ಮುಂದಿಟ್ಟುಕೊಳ್ಳೋಣ: 2015ರ ಲೆನೊವೊ ಥಿಂಕ್‌ಪ್ಯಾಡ್ ಟಿ450. ಕಂಪನಿಗಳು ಕೆಲವು ವರ್ಷ ದುಡಿಸಿ ಕೈಬಿಟ್ಟ ಇಂಥವು ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸೆಕೆಂಡ್ ಹ್ಯಾಂಡ್ ಮಾಲಾಗಿ ಬರುತ್ತವೆ. ಇದಕ್ಕೆ ಎರಡು ಬ್ಯಾಟರಿ. ಒಡಲೊಳಗೆ ಸುಮಾರು 23 ವಾಟ್-ಅವರ್‌ನದೊಂದು, ಹಿಂಬದಿಯಲ್ಲಿ ಕಳಚಲು ಬರುವಂಥದ್ದು ಇನ್ನೊಂದು. ಹಿಂಬದಿಯದು 48 ವಾಟ್-ಅವರ್‌ನ ಆರು ಸೆಲ್‌ನದು ಎಂದಿಟ್ಟುಕೊಳ್ಳಿ. ಹೊಸತರಲ್ಲಿ ಒಟ್ಟು 71. ಇಷ್ಟು ವರ್ಷ ಸವೆದು ಒಳಗಿನದು 15ಕ್ಕೂ ಹೊರಗಿನದು 26ಕ್ಕೂ ಇಳಿದಿವೆ ಎನ್ನೋಣ. ಈಗ ಒಟ್ಟು 41.

ನಮ್ಮ ಮಷೀನಿನಲ್ಲಿ ಎಷ್ಟು ಉಳಿದಿದೆ ಎಂದು ಊಹಿಸಬೇಕಾಗಿಲ್ಲ. ವಿಂಡೋಸ್‌ನ ಪವರ್‌ಸಿಎಫ್‌ಜಿ ಆಜ್ಞೆಗೆ ಬ್ಯಾಟರಿ ರಿಪೋರ್ಟ್ ತೆಗೆದುಕೊಡಲು ಬರುತ್ತದೆ. ಅದರಲ್ಲಿ ‘ಡಿಸೈನ್ ಕೆಪ್ಯಾಸಿಟಿ’, ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಎಂಬ ಎರಡು ಅಂಕಿಗಳಿರುತ್ತವೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಉಳಿದ ಸಾಮರ್ಥ್ಯದ ಪಾಲು ಸಿಕ್ಕಿತು. ಇದನ್ನು ನೋಡದೆ ಅಂಗಡಿಗೆ ಹೋಗುವುದು ಜ್ವರ ನೋಡದೆ ಔಷಧ ತಂದ ಹಾಗೆ.

ಸಂಶಯ

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎನ್ನುವುದು ಒಂದು ಭಿನ್ನರಾಶಿ. ಅಂಶದಲ್ಲಿ ಬ್ಯಾಟರಿಯೊಳಗಿನ ವಾಟ್-ಅವರ್, ಛೇದದಲ್ಲಿ ಯಂತ್ರ ಎಳೆಯುವ ವಾಟ್. 41 ವಾಟ್-ಅವರ್ ಇದ್ದು ಯಂತ್ರ 12 ವಾಟ್ ಎಳೆದರೆ ಸುಮಾರು ಮೂರು ತಾಸು ಇಪ್ಪತ್ತೈದು ನಿಮಿಷ. ಹೊತ್ತು ಹೆಚ್ಚಬೇಕಾದರೆ ಅಂಶ ಹಿಗ್ಗಬೇಕು, ಇಲ್ಲವೇ ಛೇದ ಕುಗ್ಗಬೇಕು. ಮೂರನೆಯ ದಾರಿ ಇಲ್ಲ. ಹಾಗಾದರೆ ಮೊದಲು ಕೈಹಾಕಬೇಕಾದದ್ದು ಯಾವುದಕ್ಕೆ?

ಪೂರ್ವಪಕ್ಷ

ಅಂಶಕ್ಕೇ ಎನ್ನುತ್ತಾನೆ ಎದುರುವಾದಿಯಾದ ಪೂರ್ವಪಕ್ಷಿ. ಸವೆದದ್ದು ಬ್ಯಾಟರಿ, ಯಂತ್ರವಲ್ಲ. ರೋಗ ಇರುವಲ್ಲಿ ತಾನೆ ಚಿಕಿತ್ಸೆ? ಯಂತ್ರ ಅಂದೂ 12 ವಾಟ್ ಎಳೆಯುತ್ತಿತ್ತು, ಇಂದೂ ಅಷ್ಟೇ ಎಳೆಯುತ್ತಿದೆ. ಹೊರಗಿನ ಬ್ಯಾಟರಿ ಬದಲಿಸಿದರೆ 15ಕ್ಕೆ 48 ಕೂಡಿ 63 ಆಯಿತು. ಐದೂಕಾಲು ತಾಸು ಬಂತು. ಒಂದೇ ಖರ್ಚಿಗೆ ಮುಗಿಯುವ ಕೆಲಸ. ಅದು ಬಿಟ್ಟು ಸ್ಕ್ರೀನ್ ಮಬ್ಬು ಮಾಡಿಕೊಂಡು, ಬ್ರೌಸರ್ ಟ್ಯಾಬ್ ಎಣಿಸುತ್ತ ಕೂರುವುದು ಲ್ಯಾಪ್‌ಟಾಪನ್ನು ಯಜಮಾನ ಮಾಡಿ ನಾವು ಆಳಾಗುವುದಲ್ಲವೇ?

ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದರ ಒಂದು ಪಾಲು ಕೊನೆಗೂ ನಿಲ್ಲುತ್ತದೆ.

ಸಿದ್ಧಾಂತ

ಆದರೂ ಮೊದಲು ಕುಗ್ಗಬೇಕಾದದ್ದು ಛೇದ. ಇದಕ್ಕೆ ಮೂರು ಕಾರಣ.

ಮೊದಲನೆಯದು ಬರಿ ಲೆಕ್ಕ. ಒಂದು ರೂಪಾಯಿಯೂ ಖರ್ಚಿಲ್ಲದೆ 12 ವಾಟನ್ನು 7ಕ್ಕೆ ಇಳಿಸಿದರೆ ಅದೇ ಸವೆದ 41 ವಾಟ್-ಅವರ್ ಸುಮಾರು ಐದು ತಾಸು ಐವತ್ತು ನಿಮಿಷ ಬರುತ್ತದೆ. ಹೊಸ ಬ್ಯಾಟರಿ ಕೊಟ್ಟಿದ್ದಕ್ಕಿಂತ ಅರ್ಧ ತಾಸು ಹೆಚ್ಚು. ಬರವಣಿಗೆ, ಓದಿನಂಥ ಹಗುರ ಕೆಲಸದಲ್ಲಿ ಈ ಯಂತ್ರಕ್ಕೆ 7 ವಾಟ್ ಅಸಾಧ್ಯದ ಮಾತಲ್ಲ.

ಎರಡನೆಯದು ಭಿನ್ನರಾಶಿಯ ಸ್ವಭಾವ. ಉಳಿಸಿದ ವಾಟುಗಳಿಗೆಲ್ಲ ಒಂದೇ ಬೆಲೆಯಲ್ಲ. 12ರಿಂದ 11ಕ್ಕೆ ಇಳಿಸಿದರೆ ಸಿಗುವುದು 19 ನಿಮಿಷ. 7ರಿಂದ 6ಕ್ಕೆ ಇಳಿಸಿದರೆ ಹೆಚ್ಚುಕಡಿಮೆ ಒಂದು ತಾಸು. ಅದೇ ಒಂದು ವಾಟ್, ಮೂರು ಪಟ್ಟು ಫಲ. ಬ್ಲೂಟೂತ್ ಆರಿಸಿದೆ, ಏನೂ ವ್ಯತ್ಯಾಸ ಆಗಲಿಲ್ಲ ಎನ್ನುವವರು ಸಾಮಾನ್ಯವಾಗಿ ಮೇಲಿನ ದೊಡ್ಡ ಸೋರಿಕೆಗಳನ್ನು ಹಾಗೇ ಬಿಟ್ಟು ಸಣ್ಣದಕ್ಕೆ ಕೈಹಾಕಿದವರು.

ಮೂರನೆಯ ಕಾರಣವನ್ನು ಪೂರ್ವಪಕ್ಷಿ ಗಮನಿಸಿಯೇ ಇಲ್ಲ. ಅಂಶವೂ ಛೇದವೂ ಬೇರೆಬೇರೆ ಎಂದು ಅವನು ನಂಬಿದ್ದಾನೆ. ಆದರೆ ಸವೆದ ಸೆಲ್‌ನ ಒಳಪ್ರತಿರೋಧ ಏರಿರುತ್ತದೆ. ಹೆಚ್ಚು ಕರೆಂಟ್ ಎಳೆದಷ್ಟೂ ಅದರ ವೋಲ್ಟೇಜ್ ಕುಸಿಯುತ್ತದೆ, ಒಂದಿಷ್ಟು ಶಕ್ತಿ ಸೆಲ್‌ನೊಳಗೇ ಶಾಖವಾಗಿ ಹೋಗುತ್ತದೆ. ಲಿಥಿಯಂ-ಅಯಾನ್ ಸೆಲ್ ತುಂಬಿದಾಗ 4.2 ವೋಲ್ಟ್, ಮೂರರ ಆಸುಪಾಸಿಗೆ ಇಳಿದರೆ ರಕ್ಷಣಾ ಸರ್ಕಿಟ್ ಬಾಗಿಲು ಹಾಕುತ್ತದೆ. ಭಾರದ ಕೆಲಸ ಕೊಟ್ಟಾಗ ಹಳೆಯ ಬ್ಯಾಟರಿ ಆ ಗೆರೆಯನ್ನು ಬೇಗ ಮುಟ್ಟುತ್ತದೆ. ಒಳಗೆ ಇನ್ನೂ ಇದ್ದರೂ ಹೊರಗೆ ಬರುವುದಿಲ್ಲ. 30 ಪರ್ಸೆಂಟ್ ತೋರಿಸುತ್ತಿದ್ದ ಲ್ಯಾಪ್‌ಟಾಪ್ ವಿಡಿಯೊ ಕಾಲ್ ಶುರುವಾದ ಕೂಡಲೇ ಸತ್ತುಹೋಗುವುದರ ಹಿಂದೆ ಎಷ್ಟೋ ಸಲ ಇರುವುದು ಇದೇ. ಹಾಗಾಗಿ ಛೇದ ಕುಗ್ಗಿದರೆ ಅಂಶವೂ ಸ್ವಲ್ಪ ಹಿಗ್ಗುತ್ತದೆ. ಬ್ಯಾಟರಿ ಹಳತಾದಷ್ಟೂ ಈ ಲಾಭ ಹೆಚ್ಚು.

ಇನ್ನು ವಾಟುಗಳು ಹೋಗುವುದೆಲ್ಲಿಗೆ? ಮೊದಲ ಪಾಲುದಾರ ಸ್ಕ್ರೀನಿನ ಹಿಂದಿನ ಬೆಳಕು. ಪೂರ್ತಿ ಬೆಳಕಿಗೂ ಕೋಣೆಯೊಳಗೆ ಓದಲು ಸಾಕಾಗುವ ಬೆಳಕಿಗೂ ನಡುವೆ ಎರಡು-ಮೂರು ವಾಟ್ ಅಂತರ. ಅಂಗಳದಲ್ಲಿ ಕೂತು ಬರೆಯುವವರಿಗೆ ಈ ಉಳಿತಾಯ ದಕ್ಕದು. ಒಳಗೆ ಬಂದು ಕೂರಿ ಎನ್ನುವುದಷ್ಟೇ ಉತ್ತರ.

ಎರಡನೆಯದು ಪ್ರೊಸೆಸರಿನ ಅವಸರ. ಪ್ರೊಸೆಸರ್ ಎಳೆಯುವ ಶಕ್ತಿ ಅದರ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ತಕ್ಕಂತೆ ಏರುತ್ತದೆ. ಟರ್ಬೊ ಎಂಬ ಗರಿಷ್ಠ ವೇಗಕ್ಕೆ ಹೋಗಲು ವೋಲ್ಟೇಜೂ ಏರಬೇಕು. ಹಾಗಾಗಿ ಕೊನೆಯ ಸ್ವಲ್ಪ ವೇಗಕ್ಕೆ ತೆರುವ ಬೆಲೆ ವಿಪರೀತ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಬ್ಯಾಟರಿಯ ಮೇಲಿರುವಾಗಿನ ಗರಿಷ್ಠ ಪ್ರೊಸೆಸರ್ ಮಟ್ಟವನ್ನು 100ರಿಂದ 99ಕ್ಕೆ ಇಳಿಸಿದರೆ ಟರ್ಬೊ ನಿಲ್ಲುತ್ತದೆ. ಒಂದು ಪರ್ಸೆಂಟಿನ ಬದಲಾವಣೆಯಂತೆ ಕಾಣುವ ಇದರ ಪರಿಣಾಮ ಫ್ಯಾನಿನ ಸದ್ದಿನಲ್ಲೇ ಗೊತ್ತಾಗುತ್ತದೆ.

ಇಲ್ಲಿ ಒಂದು ಜಾಣ ಆಕ್ಷೇಪ ಇದೆ. ಬೇಗ ಮುಗಿಸಿ ಬೇಗ ಮಲಗುವುದೇ ಮಿತವ್ಯಯ. ಟರ್ಬೊ ಇದ್ದರೆ ಕೆಲಸ ಕ್ಷಣದಲ್ಲಿ ಮುಗಿದು ಪ್ರೊಸೆಸರ್ ನಿದ್ರೆಗೆ ಜಾರುತ್ತದೆ, ನಿಧಾನ ಮಾಡಿದರೆ ಎಚ್ಚರವಾಗಿರುವ ಹೊತ್ತು ಹೆಚ್ಚುತ್ತದೆ ಎಂದು. ಮುಗಿಯುವ ಕೆಲಸಕ್ಕೆ ಈ ಮಾತು ಸಲ್ಲುತ್ತದೆ; ಫೈಲ್ ಜಿಪ್ ಮಾಡುವುದು ಒಂದು ಉದಾಹರಣೆ. ಆದರೆ ನಮ್ಮ ದಿನದ ಹೆಚ್ಚಿನ ಹೊರೆ ಮುಗಿಯದಂಥದ್ದು. ಸುದ್ದಿ ಜಾಲತಾಣದ ಜಾಹೀರಾತು ಕುಣಿಯುತ್ತಲೇ ಇರುತ್ತದೆ, ಮೀಟಿಂಗ್ ಒಂದು ತಾಸೆಂದರೆ ಒಂದು ತಾಸು. ಮುಗಿಯದ ಕೆಲಸವನ್ನು ಬೇಗ ಮುಗಿಸುವುದು ಸಾಧ್ಯವಿಲ್ಲ. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಹಾಕುವುದು, ಬಳಸದ ಟ್ಯಾಬುಗಳನ್ನು ಮಲಗಿಸುವ ಬ್ರೌಸರಿನ ಸೌಲಭ್ಯ ಚಾಲೂ ಮಾಡುವುದು ಈ ಕಾರಣಕ್ಕೇ ಫಲ ಕೊಡುತ್ತವೆ.

ಹಳೆಯ ಯಂತ್ರಗಳ ನಿಜವಾದ ಗುಪ್ತ ಶತ್ರು ವಿಡಿಯೊ. ವಿಡಿಯೊ ಬಿಚ್ಚಲು ಪ್ರೊಸೆಸರಿನ ಗ್ರಾಫಿಕ್ಸ್ ಭಾಗದಲ್ಲಿ ಅದಕ್ಕೆಂದೇ ಮಾಡಿದ ಸರ್ಕಿಟ್ ಇರುತ್ತದೆ. ಅದು ಮಾಡಿದರೆ ಅಗ್ಗ, ಪ್ರೊಸೆಸರೇ ಮೈಮುರಿದು ಮಾಡಿದರೆ ದುಬಾರಿ. ಟಿ450ರಲ್ಲಿರುವ ಐದನೆಯ ಪೀಳಿಗೆಯ ಇಂಟೆಲ್ ಚಿಪ್‌ಗೆ ಎಚ್.264 ಬಗೆಯ ವಿಡಿಯೊ ಸರಾಗ. ವಿಪಿ9 ಬಗೆಗೆ ಪೂರ್ಣ ಸರ್ಕಿಟ್ ಬಂದದ್ದು ಏಳನೆಯ ಪೀಳಿಗೆಯಲ್ಲಿ. ಎವಿ1ಗೆ 2020ರ ಹನ್ನೊಂದನೆಯ ಪೀಳಿಗೆಯವರೆಗೆ ಕಾಯಬೇಕಾಯಿತು. ಆದರೆ ಯೂಟ್ಯೂಬ್ ಸಾಮಾನ್ಯವಾಗಿ ಬ್ರೌಸರಿಗೆ ಕಳಿಸುವುದು ವಿಪಿ9, ಎವಿ1. ಇಂಟರ್‌ನೆಟ್ ಡೇಟಾ ಉಳಿಸಲೆಂದು ಬಂದ ಈ ಹೊಸ ಬಗೆಗಳು ಹಳೆಯ ಯಂತ್ರದ ಬ್ಯಾಟರಿಯನ್ನು ತಿನ್ನುತ್ತವೆ. ‘ಎಚ್264ಇಫೈ’ ಎಂಬ ಪುಟ್ಟ ಎಕ್ಸ್‌ಟೆನ್ಷನ್ ಹಾಕಿದರೆ ಯೂಟ್ಯೂಬ್ ಹಳೆಯ ಬಗೆಯನ್ನೇ ಕೊಡುತ್ತದೆ. 1080ಪಿಗಿಂತ ಮೇಲಿನ ಗುಣಮಟ್ಟ ಆಗ ಸಿಗದು. ಈ ಲ್ಯಾಪ್‌ಟಾಪಿನ ಸ್ಕ್ರೀನಿಗೆ ಅದು ಬೇಕಾಗಿಯೂ ಇಲ್ಲ. ಪಾಠದ ವಿಡಿಯೊ ನೋಡುವ ಮಕ್ಕಳಿರುವ ಮನೆಯಲ್ಲಿ ಈ ಲೇಖನದಿಂದ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ.

ಉಳಿದವು ಸಣ್ಣವು. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ವೇಗದಲ್ಲಿ ಭೂಮಿ-ಆಕಾಶದ ಅಂತರ, ಶಕ್ತಿಯಲ್ಲಿ ಒಂದು ವಾಟಿನಷ್ಟು. ಮೊಬೈಲನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಚಾರ್ಜ್ ಮಾಡುವ ಅಭ್ಯಾಸವಿದ್ದರೆ ಹಳೆಯ ಯುಎಸ್‌ಬಿ ಪೋರ್ಟಿನಿಂದಲೂ ಎರಡೂವರೆ ವಾಟ್ ಹೋಗುತ್ತದೆ. ಪವರ್ ಬ್ಯಾಂಕಿನ ಕೆಲಸವನ್ನು ಪವರ್ ಬ್ಯಾಂಕಿಗೇ ಬಿಡಿ. ಫ್ಯಾನಿನ ಜಾಲರಿಯಲ್ಲಿ ಕಟ್ಟಿದ ಧೂಳು ತೆಗೆಸಿ. ರ‍್ಯಾಮ್ ಕ್ಲೀನರ್, ಬ್ಯಾಟರಿ ಡಾಕ್ಟರ್ ಎಂಬ ತಂತ್ರಾಂಶಗಳನ್ನು ಹಾಕಿದ್ದರೆ ಕಿತ್ತುಹಾಕಿ. ಅವೂ ಒಂದು ಹೊರೆಯೇ.

ಆಯಸ್ಸಿನ ಪ್ರಶ್ನೆ

ಇವತ್ತಿನ ಚಾರ್ಜ್ ಎಷ್ಟು ಹೊತ್ತು ಬರುತ್ತದೆ ಎನ್ನುವುದು ಬೇರೆ, ಬ್ಯಾಟರಿ ಎಷ್ಟು ವರ್ಷ ಬದುಕುತ್ತದೆ ಎನ್ನುವುದು ಬೇರೆ. ವಿಧಿನಿಷೇಧಗಳ ಗೊಂದಲ ಬಹುಪಾಲು ಇವೆರಡನ್ನು ಬೆರೆಸಿದ್ದರಿಂದ ಹುಟ್ಟಿದ್ದು.

1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ, 2019ರಲ್ಲಿ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ತಂದುಕೊಟ್ಟ ಲಿಥಿಯಂ-ಅಯಾನ್ ಬ್ಯಾಟರಿ ಎರಡು ದಾರಿಯಲ್ಲಿ ಮುದಿಯಾಗುತ್ತದೆ: ಬಳಸಿ, ಮತ್ತು ಬಳಸದೆ ಇಟ್ಟು. ಸೆಲ್ ಮೊದಲ ಸಲ ಚಾರ್ಜ್ ಆದಾಗಲೇ ಗ್ರಾಫೈಟಿನ ಮೇಲೆ ತೆಳ್ಳನೆಯ ಪದರವೊಂದು ಕಟ್ಟುತ್ತದೆ. ಅದು ಬೇಕೇ ಬೇಕು. ಇಲ್ಲದಿದ್ದರೆ ದ್ರಾವಣ ಒಂದೇ ಸಮನೆ ಒಡೆಯುತ್ತಿರುತ್ತದೆ. ಆದರೆ ಆ ಪದರ ವರ್ಷಗಟ್ಟಲೆ ದಪ್ಪವಾಗುತ್ತಲೇ ಹೋಗಿ, ಓಡಾಡಬೇಕಾದ ಲಿಥಿಯಂ ಅನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಹಾಗೆ ಹೋದ ಲಿಥಿಯಂ ಮರಳಿ ಬಾರದು. ಸವೆದ ಬ್ಯಾಟರಿಗೆ ಪುನರ್ಜನ್ಮ ಇಲ್ಲ ಎನ್ನಲು ಇದೇ ಕಾರಣ. ಫ್ರಿಜ್ಜಿನಲ್ಲಿಟ್ಟರೆ ಚೇತರಿಸುತ್ತದೆ ಎಂಬ ವಾದಕ್ಕೂ ಇಷ್ಟೇ ಉತ್ತರ. ತೇವದ ಅಪಾಯ ಬೇರೆ.

ಆ ಪದರವನ್ನು ಬೇಗ ಬೆಳೆಸುವವು ಎರಡು: ಏರಿದ ವೋಲ್ಟೇಜ್, ಏರಿದ ಶಾಖ. ಕೆನಡಾದ ಕ್ಯಾಡೆಕ್ಸ್ ಸಂಸ್ಥೆಯ ‘ಬ್ಯಾಟರಿ ಯೂನಿವರ್ಸಿಟಿ’ ಕೊಡುವ ಅಂದಾಜು ಕೋಷ್ಟಕದ ಪ್ರಕಾರ, 25 ಡಿಗ್ರಿಯಲ್ಲಿ 40 ಪರ್ಸೆಂಟ್ ಚಾರ್ಜಿನಲ್ಲಿಟ್ಟ ಸೆಲ್ ಒಂದು ವರ್ಷದ ನಂತರ 96ರಷ್ಟು ಸಾಮರ್ಥ್ಯ ಉಳಿಸಿಕೊಳ್ಳುತ್ತದೆ. ಪೂರ್ತಿ ತುಂಬಿಸಿ ಇಟ್ಟದ್ದು 80. ಶಾಖ 40 ಡಿಗ್ರಿ ಆದರೆ ಮೊದಲನೆಯದು 85, ತುಂಬಿಸಿಟ್ಟದ್ದು 65. ಕಲಬುರಗಿ, ರಾಯಚೂರಿನ ಬೇಸಿಗೆ ಕಂಡವರು ಕೊನೆಯ ಸಾಲನ್ನು ಇನ್ನೊಮ್ಮೆ ಓದಬೇಕು. ದಿನವಿಡೀ ಪ್ಲಗ್ಗಿನಲ್ಲಿ, ಹಾಸಿಗೆಯ ಮೇಲೆ, ಫ್ಯಾನಿನ ಕಿಂಡಿ ಮುಚ್ಚಿಕೊಂಡು ಕೂತ ಲ್ಯಾಪ್‌ಟಾಪಿನ ಬ್ಯಾಟರಿ ಇರುವುದು ಆ ಸಾಲಿನಲ್ಲೇ.

ಟಿ450ರಲ್ಲಿ ಈ ಎರಡು ಬಗೆಯ ಮುಪ್ಪೂ ಪಕ್ಕಪಕ್ಕದಲ್ಲಿ ಕಾಣುತ್ತವೆ. ಅದು ಮೊದಲು ಖಾಲಿ ಮಾಡುವುದು ಹೊರಗಿನ ಬ್ಯಾಟರಿಯನ್ನು, ಮೊದಲು ತುಂಬಿಸುವುದು ಒಳಗಿನದನ್ನು. ಹೊರಗಿನದು ದುಡಿದು ಸವೆಯುತ್ತದೆ. ಒಳಗಿನದು ಸದಾ ತುಂಬಿ ಕೂತೇ ಸವೆಯುತ್ತದೆ.

ಪ್ಲಗ್ಗಿನಲ್ಲಿಟ್ಟರೆ ಓವರ್‌ಚಾರ್ಜ್ ಆಗುತ್ತದೆ, ತೆಗೆದಿಡಬೇಕು ಎಂಬ ವಿಧಿಯನ್ನು ಈಗ ತೂಗಬಹುದು. ಓವರ್‌ಚಾರ್ಜ್ ಆಗುವುದಿಲ್ಲ; ತುಂಬಿದ ಮೇಲೆ ಚಾರ್ಜಿಂಗ್ ನಿಲ್ಲುತ್ತದೆ, ಯಂತ್ರ ಅಡಾಪ್ಟರಿನಿಂದಲೇ ಓಡುತ್ತದೆ. ತೊಂದರೆ ಇರುವುದು ತುಂಬಿಯೇ ಇರುವುದರಲ್ಲಿ. ತೆಗೆದಿಟ್ಟರೆ ಶಾಖದಿಂದ ದೂರವಾಗುವುದು ನಿಜ, ಆದರೆ ಕರೆಂಟ್ ಹೋದ ಗಳಿಗೆಗೆ ಉಳಿಸದ ಕಡತವೂ ಹೋಗುತ್ತದೆ. ಚಾರ್ಜಿಗೆ ಮಿತಿ ಹಾಕುವುದು ಇದಕ್ಕಿಂತ ಮೇಲು. ಲೆನೊವೊ ವ್ಯಾಂಟೇಜ್ ತಂತ್ರಾಂಶದಲ್ಲಿ ಥಿಂಕ್‌ಪ್ಯಾಡಿನ ಚಾರ್ಜಿಂಗ್ ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳಬಹುದು; ಆಸುಸ್, ಡೆಲ್‌ನ ಅನೇಕ ಮಾದರಿಗಳಲ್ಲೂ ಇಂಥದ್ದಿದೆ; ಲಿನಕ್ಸಿನಲ್ಲಿ ಟಿಎಲ್‌ಪಿ ಎಂಬ ತಂತ್ರಾಂಶ ಇದನ್ನು ಮಾಡುತ್ತದೆ. ಎಂಬತ್ತಕ್ಕೆ ನಿಲ್ಲಿಸಿ. ಬಸ್ಸು ಹತ್ತುವ ದಿನ ಹೊರಡುವ ಮುಂಚೆ ನೂರಕ್ಕೆ ಏರಿಸಿಕೊಳ್ಳಿ.

ಆಕ್ಷೇಪ: ಹೊತ್ತು ಹೆಚ್ಚಿಸಲು ಬಂದವನಿಗೆ ಐದನೆಯ ಒಂದು ಪಾಲನ್ನು ಬಿಟ್ಟುಕೊಡು ಎನ್ನುವುದು ಯಾವ ನ್ಯಾಯ? ಅದೂ ಅರ್ಧ ಸತ್ತ ಬ್ಯಾಟರಿಗೆ? ಈ ಆಕ್ಷೇಪಕ್ಕೆ ತೂಕವಿದೆ. ಪ್ಲಗ್ ಸಿಗುವ ದಿನಗಳಲ್ಲಿ ಮಿತಿಯಿಂದ ನಷ್ಟವೇನೂ ಇಲ್ಲ. ಆದರೆ ಪ್ಲಗ್ ಸಿಗದೆ ಅಲೆಯುವ ಕೆಲಸದವರು, ಆರು ತಿಂಗಳಲ್ಲಿ ಬ್ಯಾಟರಿ ಬದಲಿಸುವುದೇ ಖಚಿತ ಎಂದಿರುವವರು ಮಿತಿಯ ಗೊಡವೆಗೆ ಹೋಗಬೇಕಾಗಿಲ್ಲ. ನೂರಕ್ಕೇ ತುಂಬಿಸಿ ಬಳಸಲಿ. ಮಿತಿ ನಿಜವಾಗಿ ಸಲ್ಲುವುದು ಹೊಸ ಬ್ಯಾಟರಿಗೆ, ಮೊದಲ ದಿನದಿಂದಲೇ.

ಆಕ್ಷೇಪ: ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಬೇಕೆಂದು ಹಿರಿಯರು ಹೇಳುತ್ತಾರಲ್ಲ? ಅದು ನಿಕ್ಕಲ್-ಕ್ಯಾಡ್ಮಿಯಂ ಕಾಲದ ವಿಧಿ. ಆ ಬ್ಯಾಟರಿ ಹೋದರೂ ವಿಧಿ ಉಳಿಯಿತು. ಲಿಥಿಯಂ ಸೆಲ್‌ಗೆ ಆಳವಾಗಿ ಖಾಲಿಯಾಗುವುದು ಹಿತವಲ್ಲ. ಒಂದು ಅಪವಾದ ಉಂಟು. ಪರ್ಸೆಂಟ್ ತೋರಿಸುವ ಚಿಪ್ ಒಳಹೋದ, ಹೊರಬಂದ ವಿದ್ಯುತ್ತನ್ನು ಎಣಿಸುತ್ತ ಎಣಿಸುತ್ತ ಲೆಕ್ಕ ತಪ್ಪುತ್ತದೆ. ವರ್ಷಕ್ಕೆ ಒಂದೆರಡು ಸಲ ಪೂರ್ತಿ ತುಂಬಿಸಿ, ಖಾಲಿ ಮಾಡಿ, ಮತ್ತೆ ತುಂಬಿಸಿದರೆ ಅದರ ಲೆಕ್ಕ ಸರಿಹೋಗುತ್ತದೆ. ಸರಿಯಾಗುವುದು ಲೆಕ್ಕ, ಬ್ಯಾಟರಿ ಅಲ್ಲ.

ಆಕ್ಷೇಪ: ಡಾರ್ಕ್ ಮೋಡ್? ಎಲ್‌ಸಿಡಿ ಸ್ಕ್ರೀನಿನಲ್ಲಿ ಕಪ್ಪು ತೋರಿಸುವಾಗಲೂ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. ಕಣ್ಣಿಗೆ ಹಿತವಾದರೆ ಬಳಸಿ, ಬ್ಯಾಟರಿಯ ಹೆಸರಿನಲ್ಲಿ ಬೇಡ.

ಆಕ್ಷೇಪ: ಲಿನಕ್ಸ್ ಹಾಕಿದರೆ ಎಲ್ಲ ಸರಿಹೋಗುತ್ತದಂತೆ? ಹೋಗಲೂಬಹುದು, ಇಲ್ಲದಿರಲೂಬಹುದು. ಹಿನ್ನೆಲೆಯ ಗದ್ದಲ ಕಡಿಮೆ ಎನ್ನುವುದು ನಿಜ. ಬ್ರೌಸರಿನಲ್ಲಿ ವಿಡಿಯೊ ಸರ್ಕಿಟ್ ಬಳಕೆಯಾಗುತ್ತಿದೆಯೇ ಎಂದು ನೋಡಿಕೊಳ್ಳದಿದ್ದರೆ ಆ ಉಳಿತಾಯ ಒಂದು ಸಿನಿಮಾದಲ್ಲಿ ಕರಗಿಹೋಗುತ್ತದೆ. ಆದರೆ ಈ ಯಂತ್ರಗಳಿಗೆ ಲಿನಕ್ಸಿನ ಪ್ರಶ್ನೆ ಬ್ಯಾಟರಿಯದ್ದಷ್ಟೇ ಅಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಐದನೆಯ ಪೀಳಿಗೆಯ ಚಿಪ್ಪನ್ನು ಒಪ್ಪುವುದಿಲ್ಲ. ಹೇಗೂ ಬದಲಿಸುವುದಾದರೆ ಬದಲಿಸಿ, ಆಮೇಲೆ ವಾಟ್ ಅಳೆಯಿರಿ. ಪವರ್‌ಟಾಪ್ ಎಂಬ ಉಪಕರಣ ಅದನ್ನು ತೋರಿಸುತ್ತದೆ.

ಸಂಗತಿ

ಪೂರ್ವಪಕ್ಷಿಯ ವಾದದಲ್ಲಿ ನಿಲ್ಲುವ ಪಾಲಿಗೆ ಈಗ ಮರಳೋಣ. ಛೇದವನ್ನು ಇಳಿಸಿದ ಮೇಲೂ ಹೊತ್ತು ಸಾಲದಿದ್ದರೆ ಬ್ಯಾಟರಿ ಕೊಳ್ಳುವುದೇ ಸರಿ. ಆಗ 63 ವಾಟ್-ಅವರ್ ಅನ್ನು 7 ವಾಟಿನಿಂದ ಭಾಗಿಸಿದರೆ ಒಂಬತ್ತು ತಾಸು. ಖರ್ಚು ಮಾಡಿದ ಹಣಕ್ಕೆ ಪೂರ್ತಿ ಫಲ ಸಿಗುವುದು ಆಗಲೇ.

ಕೊಳ್ಳುವಾಗ ಎಚ್ಚರ ಬೇಕು. ಹಳೆಯ ಮಾದರಿಗೆ ಸಿಗುವ ‘ಒರಿಜಿನಲ್’ ಬ್ಯಾಟರಿ ಗೋದಾಮಿನಲ್ಲಿ ವರ್ಷಗಟ್ಟಲೆ ಕೂತದ್ದಾಗಿದ್ದರೆ ಅದು ಬಳಸದೆಯೇ ಮುದಿಯಾಗಿದೆ. ತಯಾರಾದ ದಿನಾಂಕ ನೋಡಿ. ಡೂಪ್ಲಿಕೇಟ್ ಮಾಲಿನ ಲೇಬಲ್ ಏನು ಬೇಕಾದರೂ ಹೇಳಬಲ್ಲದು, ಆದರೆ ತಕ್ಕಡಿಗೆ ಸುಳ್ಳು ಹೇಳಲು ಬರುವುದಿಲ್ಲ: ದುಂಡನೆಯ 18650 ಸೆಲ್ ಒಂದೊಂದೂ ಸುಮಾರು 45 ಗ್ರಾಂ, ಆರು ಸೆಲ್ ಎಂದರೆ ಕವಚ ಬಿಟ್ಟೇ 270 ಗ್ರಾಂ ತೂಗಬೇಕು. ಹಾಕಿದ ದಿನವೇ ಬ್ಯಾಟರಿ ರಿಪೋರ್ಟ್ ತೆಗೆದು ಅಂಗಡಿಯವರಿಗೆ ತೋರಿಸುವುದು ನಾಚಿಕೆಯ ಮಾತೇನಲ್ಲ. ಟಿ430, ಎಕ್ಸ್230ಗಳಂಥ 2012ರ ಥಿಂಕ್‌ಪ್ಯಾಡುಗಳು ತಮ್ಮದಲ್ಲದ ಬ್ಯಾಟರಿಯನ್ನು ಚಾರ್ಜ್ ಮಾಡಲು ನಿರಾಕರಿಸುವುದುಂಟು. ಅವುಗಳ ಮಾಲೀಕರು ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲೇ ಕೊಳ್ಳಬೇಕು. ಹಳೆಯ ಕವಚಕ್ಕೆ ಹೊಸ ಸೆಲ್ ತುಂಬಿಕೊಡುವವರಿದ್ದಾರೆ. ಪ್ಯಾಕಿನ ಚಿಪ್‌ಗೆ ಆ ಬದಲಾವಣೆ ಒಗ್ಗದೆ ಬೀಗ ಬೀಳುವುದೂ ಇದೆ. ಮನೆಯಲ್ಲಿ ಸೋಲ್ಡರಿಂಗ್ ಕಡ್ಡಿ ಹಿಡಿದು ಮಾಡುವ ಕೆಲಸವಂತೂ ಇದಲ್ಲ.

ಮೇಲಿನ ಯಾವ ವಿಧಿಯೂ ಅನ್ವಯಿಸದ ಬ್ಯಾಟರಿ ಒಂದಿದೆ: ಉಬ್ಬಿದ್ದು. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಮೇಜಿಗೆ ಸಮನಾಗಿ ಕೂರದಿದ್ದರೆ ಚಾರ್ಜರ್ ತೆಗೆದು, ಯಂತ್ರ ಆರಿಸಿ, ಬಳಕೆ ನಿಲ್ಲಿಸಿ. ಚುಚ್ಚಬೇಡಿ, ಒತ್ತಬೇಡಿ, ಮನೆಯ ಕಸದ ಗಾಡಿಗೆ ಹಾಕಬೇಡಿ. ರಿಪೇರಿ ಅಂಗಡಿಯಲ್ಲಿ ತೆಗೆಸಿ ಸಂಗ್ರಹ ಕೇಂದ್ರಕ್ಕೆ ಕೊಡಿ. ಬ್ಯಾಟರಿ ತ್ಯಾಜ್ಯ ನಿರ್ವಹಣೆಯ 2022ರ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆ ಅವನ್ನು ಮಾರುಕಟ್ಟೆಗೆ ತಂದವರದು.